ಮಗೆಗಮ ಎಂಬ ಊರು

ವಾದಿ ಕಬೀರ್, ಮಸ್ಕತ್
19 ಜನವರಿ 2025

ವಿಶಾಲ,

ನೀನು ಕೊಲಂಬೊ ತಲುಪಿದ್ದು ಗೊತ್ತಾಯಿತು. ಫೋಟೊದಲ್ಲಿ ಸಮುದ್ರ ಕಂಡಿತು, ನಿನ್ನ ಮುಖ ಕಾಣಲಿಲ್ಲ. ಕೆಲಸ ಹೋಗಿ, ವೀಸಾ ಕ್ಯಾನ್ಸಲ್ ಆಗಿ, ಹುಟ್ಟಿ ಬೆಳೆದ ಊರಿನಿಂದಲೇ ಹೊರಬಿದ್ದವನ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ತೋರಿಸದಿದ್ದರೂ ಪರವಾಗಿಲ್ಲ. ಮಂಗಳೂರಿಗೆ ಹೋಗುವ ಮೊದಲು ನನ್ನ ಮಾತು ಕೇಳಿ ಆ ದ್ವೀಪದಲ್ಲಿ ಇಳಿದೆಯಲ್ಲ, ಅಷ್ಟು ಸಾಕು.

ಇನ್ನು ಫೋನು ಬೇಡ. ನಿನ್ನೆ ನಿನ್ನ ವಾಯ್ಸ್ ಮೆಸೇಜು ಹಾಕಿದ್ದೇ ತಪ್ಪಾಯಿತು. ಅಮ್ಮ ಎದ್ದು ಎಲ್ಲ ಕೋಣೆ ಹುಡುಕಿದಳು. ಬಾತ್‌ರೂಮಿನ ಬಾಗಿಲು ತಟ್ಟಿ "ಮಗಾ, ಪಿದಯಿ ಬಲ" ಎಂದು ಕರೆದಳು. ಬಾಗಿಲು ತೆಗೆದು ತೋರಿಸಿದೆ. ಹೊರಗೆ ಬರಲು ಒಳಗೆ ಯಾರೂ ಇಲ್ಲವೆಂದು ಕಂಡಾಗ ನೆಲದ ಮೇಲೆ ಕೂತು ಅತ್ತಳು. ಆದ್ದರಿಂದ ಮೇಲ್ ಬರಿ, ಕನ್ನಡದಲ್ಲೇ ಬರಿ. ಮಾತಿಗೆ ತುಳು, ಬರವಣಿಗೆಗೆ ಕನ್ನಡ ಎಂದು ಪ್ರತಿ ಶುಕ್ರವಾರ ಊಟದ ಮೇಜಿಗೆ ಕೂರಿಸಿ ನಮಗೆ ಅಕ್ಷರ ತಿದ್ದಿಸಿದವಳು ಅವಳೇ. ಮಗಳು ಖುಷಿಯ ಶಾಲೆ ಬಿಡುವವರೆಗೆ ಕಾರಿನಲ್ಲಿ ಕೂತಿರುತ್ತೇನಲ್ಲ, ಆಗ ಓದುತ್ತೇನೆ.

ಅಮ್ಮ ಈಗ ನನ್ನನ್ನು ಸಿಸ್ಟರ್ ಎಂದು ಕರೆಯುತ್ತಾಳೆ, ಆಸ್ಪತ್ರೆಯ ನರ್ಸ್ ಎಂದುಕೊಂಡು. ನನ್ನ ಕೈಯ ಗಂಜಿ ಬೇಡ. ಅಕ್ಷಿತ್ ಕೊಟ್ಟರೆ, ಈ ಗಂಡಸು ಯಾರು ಎನ್ನುತ್ತಾಳೆ. ಮಗಳನ್ನು ಕಟ್ಟಿಕೊಂಡ ಅಳಿಯನಿಗೆ ಆ ಮರ್ಯಾದೆ. ಬೆಳಗಾದರೆ "ಸೋಮ ಓಲು?" ಎಂಬ ಒಂದೇ ಪ್ರಶ್ನೆ. ಸೋಮ ಎಲ್ಲಿ ಎಂದರೆ ಏನು ಹೇಳಲಿ? ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಪೆಟ್ಟಿಗೆ ಕಟ್ಟಿಕೊಂಡು ಸಿಲೋನಿಗೆ ಹೋದ ಕೆಲಸದವಳು. ಅವಳನ್ನು ಕಳಿಸಿದ ಏಜೆನ್ಸಿ ಈಗಿಲ್ಲ. ಅವಳಿಗೆ ವೀಸಾ ಕೊಟ್ಟು ಕಫೀಲ್ ಆಗಿದ್ದ ಅಪ್ಪನೂ ಇಲ್ಲ.

ಮಲಗಿಸಿದರೆ ಇನ್ನೊಂದು ರಾಗ. "ಕಾರ್ ಸರಿ ಮಲ್ಪು, ಕಾರ್ ಸರಿ ಮಲ್ಪು." ಕಾಲು ಸರಿ ಮಾಡು ಎಂದರೆ ಎಣ್ಣೆ ಹಚ್ಚಿ ತಿಕ್ಕುತ್ತೇನೆ. ಬಿಸಿನೀರಿನ ಚೀಲ ಇಡುತ್ತೇನೆ. ಡಾಕ್ಟರು ಎಕ್ಸ್‌ರೇ ತೆಗೆಸಿ, ಮೂಳೆಗೆ ಏನೂ ಆಗಿಲ್ಲವೆಂದು ನೋವಿನ ಮಾತ್ರೆ ಕೊಟ್ಟರು. ಮಾತ್ರೆ ಉಗಿದು, ಸೋಮ ಬರಲಿ, ಅವಳಿಗೆ ಗೊತ್ತು ಎನ್ನುತ್ತಾಳೆ. ಹೀಗೆ ಊಟ ಬಿಟ್ಟರೆ ತುಂಬ ದಿನ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ನಮಗೆ ಗೊತ್ತಿರುವುದು ಸೋಮಕ್ಕನ ಊರಿನ ಹೆಸರೊಂದೇ. ಮಗೆಗಮ. ಪಾತ್ರೆ ತೊಳೆಯುವಾಗ ಮಗೆ ಗಮ, ಮಗೆ ಗಮ ಎಂದು ಅವಳ ಊರಿನ ಪುರಾಣ ಶುರುವಾಗುತ್ತಿತ್ತಲ್ಲ. ಊರಿನ ಹೆಸರಲ್ಲೂ ನಮ್ಮ ತುಳುವಿನ "ಮಗೆ" ಇದೆ ಎಂದು ಅಮ್ಮ ನಗುತ್ತಿದ್ದಳು. ಮಗ ಎಂಬುದಕ್ಕೆ ಮಗೆ. ನಿನ್ನನ್ನು ಸೋಮಕ್ಕ "ಮಗೆ ಪುತಾ" ಎಂದು ಮುದ್ದು ಮಾಡುತ್ತಿದ್ದಳು. ನನ್ನನ್ನೂ "ಮಗೆ ದುವ" ಎಂದಾಗ, ನಾನು ಮಗೆ ಅಲ್ಲ, ಮಗಳು ಎಂದು ಜಗಳಕ್ಕೆ ಹೋಗುತ್ತಿದ್ದೆ. ಸಿಲೋನಿನವಳಿಗೆ ಬಂದ ತುಳು ಇಷ್ಟೇ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು.

ಆ ಊರಿನಲ್ಲಿ ಬುದ್ಧನ ಗುಡಿ, ಬಿಳಿಯ ಗುಮ್ಮಟ, ಹಿಂದೆ ಬಂಡೆ, ಎದುರಿಗೆ ತಾವರೆಕೆರೆ. ಅವಳು ನಮ್ಮಿಬ್ಬರ ಜೊತೆ ಇರುವ ಒಂದೇ ಫೋಟೊ ಕಳಿಸಿದ್ದೇನೆ. ಹುಡುಕಿ ಕರೆದುಕೊಂಡು ಬಾ. ಬಾರದಿದ್ದರೆ ಅವಳ ಮಾತನ್ನಾದರೂ ರೆಕಾರ್ಡ್ ಮಾಡಿ ಕಳಿಸು. ಸತ್ತು ಹೋಗಿದ್ದರೆ ಮಾತ್ರ ನನಗೆ ಹೇಳಬೇಡ.

ಭವ್ಯಶ್ರೀ


ಅನುರಾಧಪುರ
25 ಜನವರಿ

ಭವ್ಯಕ್ಕ,

ಬಂಡೆ, ಕೆರೆ, ಗುಮ್ಮಟ ಒಟ್ಟಿಗೆ ಇರುವುದು ಈ ಕಡೆಯೇ ಎಂದು ಕೊಲಂಬೊದಲ್ಲಿ ಹೇಳಿದ್ದಕ್ಕೆ ಇಲ್ಲಿಗೆ ಬಂದೆ. ಇಳಿದುಕೊಂಡ ಮನೆಯವರೇ ಸೈಕಲ್ ಬಾಡಿಗೆಗೆ ಕೊಟ್ಟಿದ್ದಾರೆ. ಮಸ್ಕತ್ತಿನಲ್ಲಿ ಹೆಲ್ಮೆಟ್ ಹಾಕಿ ಗೇರ್ ಬದಲಿಸುತ್ತ ಕಡಲಂಚಿನ ಕಾರ್ನಿಶ್ ರಸ್ತೆಯಲ್ಲಿ ಮೆರೆದ ಗರ್ವವೆಲ್ಲ ಇಲ್ಲಿ ಇಳಿಯಿತು. ಇದಕ್ಕೆ ಬ್ರೇಕು ಹಿಂದಿನದೊಂದೇ. ಹೊಂಡ ಬಂದರೆ ಗಂಟೆ ತಾನೇ ಹೊಡೆದುಕೊಳ್ಳುತ್ತದೆ. ಆದರೂ ಇದೇ ಬೇಕು. ಬಸ್ಸು, ಆಟೋದವರೆಲ್ಲ ಟೂರಿಸ್ಟು ಎಂದು ದೊಡ್ಡ ಸ್ತೂಪಗಳಿಗೇ ಒಯ್ಯುತ್ತಾರೆ, ಸೋಮಕ್ಕನದು ಕೆರೆಯ ಏರಿಯ ಮೇಲೆ ಹೋಗುವಂಥ ಊರು.

ದೊಡ್ಡವನ್ನೂ ನೋಡಿದೆ, ಸುಳ್ಳು ಯಾಕೆ. ಬಿಳಿ ಬಟ್ಟೆ ಉಟ್ಟ ಜನ ಸಾಲಾಗಿ ಬರುತ್ತಾರೆ. ಚಪ್ಪಲಿ ಬಿಟ್ಟು ಕಾದ ಕಲ್ಲಿನ ಮೇಲೆ ನಡೆಯಬೇಕು. ಅವರು ನಿಧಾನ ನಡೆಯುತ್ತಾರೆ, ನಾನು ಕುಣಿಯುತ್ತೇನೆ. ತಾವರೆ ಮೊಗ್ಗಿನ ದಳಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿ ಬುದ್ಧನ ಮುಂದೆ ಇಡುತ್ತಾರೆ. ಅದನ್ನು ನೋಡಿದಾಗ ಸೋಮಕ್ಕ ಈರುಳ್ಳಿಯ ಸಿಪ್ಪೆ ಬಿಡಿಸುತ್ತಿದ್ದದ್ದು ನೆನಪಾಯಿತು. ಅವಳೂ ಹಾಗೆಯೇ, ಒಂದೊಂದೇ, ಅವಸರವಿಲ್ಲದೆ.

ಮಗೆಗಮದ ಕಥೆ ಕೇಳು. ನಕ್ಷೆ ಬಿಡಿಸಿದರೆ ಗಮ ಎಂದು ಮುಗಿಯುವ ಊರುಗಳು ಬೇಕಾದಷ್ಟಿವೆ, ಮಗೆಗಮ ಮಾತ್ರ ಇಲ್ಲ. ಟೀ ಅಂಗಡಿಯಲ್ಲಿ ಕೇಳಿದೆ. ಒಬ್ಬ ಮುದುಕ ಎದೆ ತಟ್ಟಿಕೊಂಡು "ಮಗೆ ಗಮ? ಮಗೆ ಗಮ!" ಎಂದು ತನ್ನ ಸೈಕಲ್ ಹತ್ತಿ ಮುಂದೆ ಹೊರಟ. ಗದ್ದೆ, ಕಾಲುವೆ, ಮತ್ತೆ ಗದ್ದೆ. ನಾನೂ ಅವನ ಹಿಂದೆಯೇ ತುಳಿದೆ. ಅವನ ಊರಿನಲ್ಲಿ ಗುಡಿ ಇತ್ತು, ಬಂಡೆಯೂ ಇಲ್ಲ, ಕೆರೆಯೂ ಇಲ್ಲ. ಫೋಟೊ ತೋರಿಸಿದೆ, ತಲೆ ಅಲ್ಲಾಡಿಸಿದರು. ಕೈಗೆ ಬೆಲ್ಲದ ತುಂಡು ಕೊಟ್ಟು ಟೀ ಕುಡಿಸಿ ಕಳಿಸಿದರು. ಮರುದಿನ ಇನ್ನೊಬ್ಬ ಇನ್ನೊಂದು ದಿಕ್ಕಿನಲ್ಲಿ ಮಗೆ ಗಮ ತೋರಿಸಿದ. ಅದರ ಮರುದಿನ ಮತ್ತೊಬ್ಬ. ಎಲ್ಲರೂ ನಗುತ್ತಾರೆ, ಎಲ್ಲರಿಗೂ ಗೊತ್ತು, ಒಂದೂ ಅದಲ್ಲ.

ಇನ್ನೊಂದು ನೆನಪಾಯಿತು. ಅವಳ ಗುಡಿಯ ಬುದ್ಧ ಮಲಗಿದ ಬುದ್ಧ. ನಮ್ಮನ್ನು ಮಲಗಿಸುವಾಗ ಬಲಮಗ್ಗುಲಿಗೆ ತಿರುಗಿಸಿ, ಅಂಗೈಯನ್ನು ಕೆನ್ನೆಯ ಕೆಳಗೆ ಇಡಿಸಿ, ಒಂದು ಪಾದದ ಮೇಲೆ ಇನ್ನೊಂದು ಪಾದ ಜೋಡಿಸುತ್ತಿದ್ದಳು. ಹೆಬ್ಬೆರಳು ಒಂಚೂರು ಹಿಂದೆ ಮುಂದೆ ಆದರೆ ಚಟ್ ಎಂದು ಒಂದು ಏಟು. ಮಿಲಿಟರಿ ಶಿಸ್ತು. ನಿನಗೆ ಬೇರೆ ಏನಾದರೂ ನೆನಪಿದೆಯಾ? ಎಷ್ಟು ಸಣ್ಣದಾದರೂ ಬರಿ.

ಅಮ್ಮನಿಗೆ ಗಂಜಿಯ ಬದಲು ಅವಲಕ್ಕಿ ಕೊಟ್ಟು ನೋಡು.

ವಿಶಾಲ


ವಾದಿ ಕಬೀರ್
29 ಜನವರಿ

ವಿಶಾಲ,

ಬಿಳಿ ಬಟ್ಟೆ, ತಾವರೆ ಮೊಗ್ಗು, ಬೆಲ್ಲದ ಟೀ. ಓದಲು ಚೆನ್ನಾಗಿದೆ. ನಾನು ಇಲ್ಲಿ ಬೆಡ್‌ಶೀಟು ಬದಲಿಸುತ್ತ, ನೀನು ಅಲ್ಲಿ ಗುಡಿ ನೋಡುತ್ತ. ಕೆಲಸ ಹೋದವನಿಗೆ ಒಂದು ತೀರ್ಥಯಾತ್ರೆ ಸಿಕ್ಕಿತು ಎಂದು ಅಕ್ಷಿತ್ ಹೇಳಿದರು. ನಾನು ಅವರ ಮೇಲೆ ರೇಗಿದೆ. ಆದರೆ ನನ್ನ ಮನಸ್ಸಿನಲ್ಲೂ ಅದೇ ಇತ್ತು.

ಅವಲಕ್ಕಿ ಕೊಟ್ಟೆ, ಮುಟ್ಟಲಿಲ್ಲ. ಈಗ ಖುಷಿಯ ಕೈಯಿಂದ ಎರಡು ಚಮಚ ಹೋಗುತ್ತದೆ, ಅದೂ ಮಧ್ಯಾಹ್ನ ಮಾತ್ರ. "ಅಜ್ಜಿ ಥಿಂಕ್ಸ್ ಐ ಆಮ್ ಯೂ, ಮಮ್ಮಿ" ಎಂದಳು ಖುಷಿ. ನಾನು ನರ್ಸು, ನನ್ನ ಮಗಳು ನಾನು. ಮಗುವಿಗೆ ಬೇಜಾರಿಲ್ಲ, ಅದಕ್ಕೆ ಇದು ಆಟ. ನಿದ್ದೆಗೆ ಮಾತ್ರ ಅಮ್ಮ ಹೆದರುತ್ತಾಳೆ. ಕಣ್ಣು ಎಳೆದರೂ ಮುಚ್ಚುವುದಿಲ್ಲ, ಕಾರ್ ಸರಿ ಮಲ್ಪು, ಕಾರ್ ಸರಿ ಮಲ್ಪು. ನಾನು ತಿಕ್ಕಿದಷ್ಟೂ ಕಾಲು ಎಳೆದುಕೊಳ್ಳುತ್ತಾಳೆ.

ನೆನಪು ಕೇಳಿದೆಯಲ್ಲ. ನಮ್ಮ ಹಳೆಯ ಮನೆಯ ಕೆಳಗೆ ಅಪ್ಪ ಸೂಪರ್‌ವೈಸರ್ ಆಗಿದ್ದ ಗ್ಯಾರೇಜಿನಲ್ಲಿ ಲಾರಿಯ ಚಕ್ರದ ರಿಮ್ ತೂಗುಹಾಕಿದ್ದರು. ಊಟದ ಹೊತ್ತಿಗೆ ಸ್ಪ್ಯಾನರಿನಿಂದ ಹೊಡೆಯುತ್ತಿದ್ದರು. ಆ ಸದ್ದಿಗೆ ಸೋಮಕ್ಕ ಸಿಂಕಿನ ಮುಂದೆ ನಿಂತಲ್ಲೇ ಒದ್ದೆ ಕೈ ಜೋಡಿಸುತ್ತಿದ್ದಳು. ಅಪ್ಪ ಒಮ್ಮೆ ಕೇಳಿದ್ದಕ್ಕೆ, ತನ್ನ ಗುಡಿಯಲ್ಲಿ ಗಂಟೆ ಇಲ್ಲ, ರೈಲಿನ ಹಳಿಯ ತುಂಡು ಕಟ್ಟಿದ್ದಾರೆ, ಅದರ ಸದ್ದೂ ಹೀಗೇ ಎಂದಿದ್ದಳು. ಗ್ಯಾರೇಜಿಗೂ ಕೈ ಮುಗಿಯುವವಳು ಎಂದು ನಾವು ಎಷ್ಟು ನಕ್ಕಿದ್ದೆವು.

ಬೇಗ ಮಾಡು ವಿಶಾಲ. ನಾನು ಸಿಟ್ಟಿನಲ್ಲಿ ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆದರೆ ಬೇಗ ಮಾಡು.

ಭವ್ಯ


ತಂಬುತ್ತೇಗಮ
6 ಫೆಬ್ರವರಿ

ಭವ್ಯಕ್ಕ,

ಬಯ್ದದ್ದು ಸರಿಯಾಗಿಯೇ ಇದೆ. ಅದಕ್ಕಿಂತ ದೊಡ್ಡ ಏಟು ಬೇರೆ ಬಿತ್ತು. ಮಗೆಗಮ ಎಂಬ ಊರೇ ಇಲ್ಲ.

ಇಲ್ಲಿ ಗುಡಿಯ ಬಾಗಿಲಲ್ಲಿ ಹೂ ಮಾರುವ ಮಲ್ಲಿಕಾ ಎಂಬವಳು ನನ್ನ ಟೀ ಶರ್ಟಿನ ಮೇಲೆ ಮಸ್ಕತ್ ಎಂದು ಓದಿ "ರುವಿ? ವಾದಿ ಕಬೀರ್?" ಎಂದಳು. ಹತ್ತು ವರ್ಷ ರುವಿಯಲ್ಲಿ ಮನೆಗೆಲಸಕ್ಕಿದ್ದಳಂತೆ. ಅರ್ಧ ಅರಬ್ಬಿ, ಅರ್ಧ ಹಿಂದಿಯಲ್ಲಿ ಮಾತಾಯಿತು. ಮಗೆಗಮಕ್ಕೆ ದಾರಿ ಯಾವುದು ಎಂದು ಕೇಳಿದೆ. ಅವಳು ಹೂವಿನ ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕಳು.

"ಬಾಬಾ, ಮಗೆ ಮಾನೆ ಮೇರಾ. ಗಮ ಮಾನೆ ಗಾಂವ್. ಖಲಾಸ್."

ಮಗೆ ಅಂದರೆ ನನ್ನ. ಗಮ ಅಂದರೆ ಊರು. ಸೋಮಕ್ಕ ಇಷ್ಟು ವರ್ಷ ಹೇಳಿದ್ದು ನನ್ನ ಊರು, ನನ್ನ ಊರು ಎಂದು. ನಾವು ತುಳುವರು ಅದನ್ನೇ ಒಂದು ಊರು ಮಾಡಿ ಇಟ್ಟುಕೊಂಡಿದ್ದೆವು. ಆ ಮುದುಕರು ಪಾಪ ಮೋಸ ಮಾಡಿದ್ದಲ್ಲ, ಅವರವರ ಊರಿಗೆ ಕರೆದುಕೊಂಡು ಹೋಗಿ ಟೀ ಕುಡಿಸಿದರು ಅಷ್ಟೇ. ನಾನು ರಸ್ತೆ ಬದಿಯಲ್ಲಿ ಸೈಕಲ್ ಒರಗಿಸಿ ಕೂತುಬಿಟ್ಟೆ. ನಗು ಬಂತು, ಆಮೇಲೆ ನಗು ಬರಲಿಲ್ಲ.

ಒಂದು ಸಮಾಧಾನ ಇದೆ, ಹೇಳಿಬಿಡುತ್ತೇನೆ. "ಮಗೆ ಪುತಾ" ಎಂದರೆ "ನನ್ನ ಮಗನೇ", "ಮಗೆ ದುವ" ಎಂದರೆ "ನನ್ನ ಮಗಳೇ" ಎಂದು ಅರ್ಥವಂತೆ. ಅವಳು ಕಲಿತದ್ದು ಹರಕು ತುಳುವಲ್ಲ, ತನ್ನ ಭಾಷೆಯಲ್ಲೇ ನನ್ನನ್ನು ತನ್ನವನು ಎಂದಿದ್ದಾಳೆ. ನಿನ್ನನ್ನೂ. ಸುಮ್ಮನೆ ಜಗಳಾಡಿದೆ ನೋಡು.

ನಿನ್ನ ರೈಲಿನ ಹಳಿಯೇ ಈಗ ಉಳಿದ ದಾರಿ. ಹಳಿಯ ತುಂಡು ಕಟ್ಟಿದ ಪನ್ಸಲಗಳು, ಗುಡಿಗೆ ಇಲ್ಲಿ ಹಾಗೆನ್ನುತ್ತಾರೆ, ರೈಲು ಮಾರ್ಗದ ಪಕ್ಕದಲ್ಲೇ ಇರುತ್ತವೆ ಎಂದು ಮಲ್ಲಿಕಾ ಹೇಳಿದಳು. ದಕ್ಷಿಣಕ್ಕೆ ಗಲ್ಗಮುವದ ಕಡೆ ಮಾರ್ಗದ ಎಡಬಲ ಒಂದೊಂದೇ ಗುಡಿ ನೋಡುತ್ತ ಹೋಗುತ್ತೇನೆ. ಸಿಗ್ನಲ್ ಇರುವುದಿಲ್ಲ, ಕಾಯಬೇಡ. ಅಮ್ಮನಿಗೆ ಹೇಳು, ಸೋಮ ಹೊರಟಿದ್ದಾಳೆ ಎಂದು ಹೇಳು.

ವಿಶಾಲ


ವಾದಿ ಕಬೀರ್
15 ಫೆಬ್ರವರಿ

ವಿಶಾಲ,

ನಿನ್ನ ಪತ್ರ ಓದಿದೆ. ಎರಡು ಸಲ ಓದಿದೆ.

ಅಮ್ಮ ಈಗ ಸೋಮಳನ್ನು ಕೇಳುವುದಿಲ್ಲ. ಕಾಲಿನ ಹಠವೂ ಇಲ್ಲ. ಮನೆ ಸದ್ದಿಲ್ಲದೆ ಇದೆ. ಎಡ್ವರ್ಡ್ ಅಂಕಲ್, ಇವ್ಲಿನ್ ಆಂಟಿ ಅಲ್ ಅಮೇರಾತಿನಿಂದ ದಿನಾ ಬಂದು ಹೋಗುತ್ತಾರೆ. ಅಪ್ಪನ ಗ್ಯಾರೇಜಿನ ಕಾಲದ ಸ್ನೇಹವನ್ನು ಅವರು ಈಗಲೂ ಬಿಟ್ಟಿಲ್ಲ.

ನೀನು ಹುಡುಕುವುದನ್ನು ನಿಲ್ಲಿಸಬೇಡ. ಅವಸರವೂ ಬೇಡ. ಮೊದಲು ಬರೆದದ್ದನ್ನು ಮರೆತುಬಿಡು. ಬಿಸಿಲಿಗೆ ತಲೆಗೆ ಏನಾದರೂ ಹಾಕಿಕೋ.

ಭವ್ಯ


ಗಲ್ಗಮುವ
20 ಫೆಬ್ರವರಿ

ಭವ್ಯಕ್ಕ,

ಸಿಕ್ಕಿದಳು. ಸೋಮಕ್ಕ ಸಿಕ್ಕಿದಳು. ಅಮ್ಮ ಸುಧಾರಿಸುತ್ತಿದ್ದಾಳೆ ಎಂದು ಓದಿದ ಮೇಲೆ ಇಲ್ಲಿ ಎಲ್ಲವೂ ಕೂಡಿ ಬಂತು.

ಮೊದಲು ಗುಡಿಯ ವಿಷಯ. ಎಷ್ಟು ಪನ್ಸಲಗಳಲ್ಲಿ ಚಪ್ಪಲಿ ಬಿಟ್ಟೆನೋ ಲೆಕ್ಕ ಇಟ್ಟಿಲ್ಲ. ಹುಣ್ಣಿಮೆಯ ದಿನ ಒಂದು ಕಡೆ ಊರಿಗೆ ಊರೇ ಬಿಳಿ ಉಟ್ಟು ಬಂದಿತ್ತು. ನಾನೂ ಮಣ್ಣಿನ ಹಣತೆಗೆ ಎಣ್ಣೆ ಹಾಕಿ ಅಮ್ಮನ ಆಯುಸ್ಸಿಗೆಂದು ಹಚ್ಚಿದೆ. ಅದಾಗಿ ಆರು ದಿನಕ್ಕೆ ಟೈರು ಪಂಕ್ಚರ್ ಆಗಿ ಸೈಕಲ್ ತಳ್ಳುತ್ತ ಬರುವಾಗ ಮರಗಳ ಆಚೆ ಕಬ್ಬಿಣ ಹೊಡೆದ ಸದ್ದು ಕೇಳಿತು. ನಮ್ಮ ಗ್ಯಾರೇಜಿನ ಊಟದ ಗಂಟೆಯೇ. ಸೈಕಲ್ ಅಲ್ಲೇ ಮರಕ್ಕೆ ಒರಗಿಸಿ ಸದ್ದಿನ ಕಡೆಗೆ ನಡೆದೆ. ಬಂಡೆ ಇತ್ತು, ಬಿಳಿಯ ಗುಮ್ಮಟ ಇತ್ತು. ಕೆರೆಯಲ್ಲಿ ತಾವರೆಗಿಂತ ಪಾಚಿ ಹೆಚ್ಚು, ಆದರೂ ಅದೇ ಕೆರೆ.

ಒಳಗೆ ಅವಳ ಬುದ್ಧ ಮಲಗಿದ್ದಾನೆ. ಉದ್ದಕ್ಕೆ, ಗೋಡೆಯಿಂದ ಗೋಡೆಗೆ, ಹಳದಿ ಬಣ್ಣ ಬಳಿದ ಮೂರ್ತಿ. ಬಲಮಗ್ಗುಲು, ಕೆನ್ನೆಯ ಕೆಳಗೆ ಕೈ. ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತಿದ್ದಾನೆ ಎಂದು ನಾನು ಇಂಗ್ಲಿಷಿನಲ್ಲಿ ಅಂದೆ. ಅಲ್ಲಿನ ವಯಸ್ಸಾದ ಭಿಕ್ಷು ನನ್ನನ್ನು ಪಾದದ ಕಡೆಗೆ ಕರೆದುಕೊಂಡು ಹೋದರು. ಎರಡು ಹೆಬ್ಬೆರಳುಗಳು ಸಮನಾಗಿದ್ದರೆ ಬುದ್ಧ ವಿಶ್ರಾಂತಿಯಲ್ಲಿದ್ದಾನೆ ಎಂದರ್ಥ. ಮೇಲಿನ ಪಾದ ಸ್ವಲ್ಪ ಹಿಂದೆ ಸರಿದಿದ್ದರೆ ಅದು ನಿದ್ದೆಯಲ್ಲ, ನಿರ್ವಾಣ, ಹೋಗಿಬಿಟ್ಟಿದ್ದಾನೆ. ಶಿಲ್ಪಿಗಳು ಹಾಗೆ ಗುರುತು ಇಡುತ್ತಾರಂತೆ. ಈ ಗುಡಿಯ ಬುದ್ಧನ ಪಾದ ಹಿಂದೆ ಸರಿದಿದೆ.

ಈಗ ಗೊತ್ತಾಯಿತಾ ಆ ಚಟ್ ಎಂಬ ಏಟು ಯಾಕೆಂದು? ಅವಳು ಚಿಕ್ಕಂದಿನಿಂದ ನೋಡಿದ್ದು ಹೋಗಿಬಿಟ್ಟ ಬುದ್ಧನನ್ನು. ನಮ್ಮನ್ನು ಮಲಗಿಸುವಾಗ ಅದು ಬೇಡ, ಬರೀ ನಿದ್ದೆ ಸಾಕು ಎಂದು ಬೆರಳಿಗೆ ಬೆರಳು ಸಮ ಮಾಡುತ್ತಿದ್ದಳು.

ಅಕ್ಕ, ಅಮ್ಮನಿಗೆ ಕಾಲುನೋವು ಇಲ್ಲ. ಕಾರ್ ಸರಿ ಮಲ್ಪು ಎಂದರೆ ಪಾದ ಜೋಡಿಸು ಎಂದು. ಅಮ್ಮನ ಆಪರೇಷನ್ ಆದ ಕಾಲದಲ್ಲಿ ನಿದ್ದೆ ಮಾಡಿದರೆ ಏಳುವುದಿಲ್ಲವೆಂದು ಹೆದರುತ್ತಿದ್ದಳಂತೆ, ಆಗ ಸೋಮಕ್ಕ ದಿನವೂ ಪಾದ ಜೋಡಿಸಿ, ಇದು ನಿದ್ದೆ ಮೇಡಂ, ಹೆದರಬೇಡಿ ಎನ್ನುತ್ತಿದ್ದಳಂತೆ. ಅವಳೇ ಹೇಳಿದಳು. ತಿಕ್ಕಬೇಡ, ಎಣ್ಣೆ ಬೇಡ, ಮಾತ್ರೆ ಬೇಡ. ಇವತ್ತೇ ಮಲಗಿಸುವಾಗ ಹೆಬ್ಬೆರಳಿಗೆ ಹೆಬ್ಬೆರಳು ಸಮ ಮಾಡು. ಇವತ್ತೇ ಮಾಡು.

ಫೋಟೊ ನೋಡಿ ಆ ಭಿಕ್ಷುವೇ ಅವಳ ಮನೆ ತೋರಿಸಿದರು. ಸೋಮಕ್ಕ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. "ಮಗೆ ಪುತಾ" ಎಂದು ಅಪ್ಪಿಕೊಂಡು ಅತ್ತಳು. ನಿನ್ನ ಜಡೆ, ಅಪ್ಪನ ಗ್ಯಾರೇಜು, ಅಮ್ಮನ ಬಂಗುಡೆ ಸಾರು ಎಲ್ಲ ಕೇಳಿದಳು. ಪ್ರಯಾಣ ಮಾಡುವ ಶಕ್ತಿ ಇಲ್ಲ, ಮಂಡಿ ಕೈಕೊಟ್ಟಿದೆ. ಅಮ್ಮನಿಗೆಂದು ಅವಳ ಧ್ವನಿ ಕಳಿಸಿದ್ದೇನೆ. ಸಿಂಹಳದಲ್ಲಿದೆ. ಅರ್ಥ ಆಗದಿದ್ದರೂ ಅಮ್ಮನಿಗೆ ಧ್ವನಿ ಸಾಕು.

ವಿಶಾಲ


ವಾದಿ ಕಬೀರ್
23 ಫೆಬ್ರವರಿ

ವಿಶಾಲ,

ಧ್ವನಿ ಬಂತು. ಮೂರನೇ ಮಹಡಿಯ ಮನೆಯಲ್ಲಿ ಕೆಲಸಕ್ಕಿರುವ ಚಂಪಾ ಸಿಂಹಳದವಳು. ಲಿಫ್ಟಿನ ಹತ್ತಿರ ನಿಲ್ಲಿಸಿಕೊಂಡು ಕೇಳಿಸಿದೆ. ಅವಳು ಹಿಂದಿಯಲ್ಲಿ ಹೇಳಿದ್ದನ್ನು ಬರೆಯುತ್ತೇನೆ.

"ಮೇಡಂ, ನೀವು ಯಾರೋ ನನಗೆ ಸರಿಯಾಗಿ ನೆನಪಾಗುತ್ತಿಲ್ಲ, ತಪ್ಪು ತಿಳಿಯಬೇಡಿ. ನಿಮ್ಮ ಮಗ ಬಹಳ ದೂರದಿಂದ ಸೈಕಲ್ಲಿನಲ್ಲಿ ಬಂದಿದ್ದಾನೆ. ಪಾದ ಜೋಡಿಸಿ ಮಲಗಿ. ಹೆದರಬೇಡಿ."

ಇಷ್ಟೇ ಇದೆ. ನನ್ನ ಜಡೆ ಎಲ್ಲಿಂದ ಬಂತು ವಿಶಾಲ? ನಿಜ ಏನು ನಡೆಯಿತು ಎಂದು ಬರಿ. ನನಗೆ ಸಿಟ್ಟಿಲ್ಲ.

ಭವ್ಯ


ಗಲ್ಗಮುವ
25 ಫೆಬ್ರವರಿ

ಭವ್ಯಕ್ಕ,

ಸಿಂಹಳ ಯಾರಿಗೂ ಬರುವುದಿಲ್ಲ ಎಂದುಕೊಂಡಿದ್ದೆ. ಮಸ್ಕತ್ತಿನಲ್ಲಿ ಇಷ್ಟು ವರ್ಷ ಇದ್ದೂ ಅಂಥ ದಡ್ಡತನ.

ಅವಳಿಗೆ ನಾವು ನೆನಪಿಲ್ಲ. ಗುಡಿಯ ಹಿಂದೆ ಒಂದು ಹಂಚಿನ ಮನೆ, ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದಳು. ಫೋಟೊ ನೋಡಿ, ಇದು ನಾನೇ, ಎಷ್ಟು ಕಪ್ಪಗೆ ಕೂದಲು ಎಂದಳು. ಪಕ್ಕದಲ್ಲಿದ್ದ ಮಕ್ಕಳ ಮೇಲೆ ಬೆರಳಿಟ್ಟು, ಇವರು ಕುವೈತಿನವರಾ, ಲೆಬನಾನಿನವರಾ ಎಂದು ನನ್ನನ್ನೇ ಕೇಳಿದಳು. ನಮ್ಮ ಮನೆ ಆದ ಮೇಲೆ ಇನ್ನೂ ಹಲವು ಮನೆಗಳಲ್ಲಿ ಇದ್ದಳಂತೆ. ಮಸ್ಕತ್ತಿನ ಹೆಸರು ಹೇಳಿದರೆ ಬಿಸಿಲು ನೆನಪಿದೆ, ಕೆಳಗೆ ಗಾಡಿಗಳ ಸದ್ದು ನೆನಪಿದೆ.

ನನಗೆ ಹಠ ಬಂತು. "ವಣಸ್ ಆಂಡಾ?" ಎಂದು ತುಳುವಿನಲ್ಲಿ ಕೇಳಿದೆ. ಊಟ ಆಯಿತಾ ಎಂದು ಅಮ್ಮ ಅವಳನ್ನು ದಿನಾ ಕೇಳುತ್ತಿದ್ದದ್ದು ಅದನ್ನೇ ತಾನೆ. ಮೆಣಸು ಹರಡುತ್ತಿದ್ದವಳು ತಲೆ ಎತ್ತದೆ "ಆಂಡ್" ಎಂದಳು. ಆಮೇಲೆ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಅದು ಅರಬ್ಬಿಯಾ ಎಂದು ಕೇಳಿದಳು.

ಮಗೆ ಪುತಾ ಎಂದು ನನ್ನನ್ನು ಕರೆಯುತ್ತಿದ್ದಿರಿ ಎಂದೆ. ಎಲ್ಲ ಮನೆಯ ಮಕ್ಕಳನ್ನೂ ಹಾಗೇ ಕರೆಯುತ್ತಿದ್ದೆ ಎಂದಳು. ಊರಿನಲ್ಲಿ ಬಿಟ್ಟು ಬಂದ ಅವಳ ಮಗನಿಗೆ ಆಗ ನನ್ನದೇ ವಯಸ್ಸು. ಕರೆಯಲು ಅವನು ಎದುರಿಗೆ ಇಲ್ಲ. ಅವಳು ತನ್ನ ಹರಕು ಹಿಂದಿಯಲ್ಲಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಮೂಹ್ ಭೂಲ್ ಜಾಯೇಗಾ ನಾ, ಬಾಬಾ. ಇಸ್ ಲಿಯೇ ಬೋಲಾ."

ಬಾಯಿಗೆ ಆ ಮಾತು ಮರೆತುಹೋಗಬಾರದು ಎಂದು ನಮ್ಮ ಮೇಲೆ ಹೇಳಿ ಇಟ್ಟುಕೊಂಡಳು. ಇಷ್ಟು ದೂರ ತುಳಿದುಕೊಂಡು ಬಂದದ್ದು ಇದನ್ನು ಕೇಳುವುದಕ್ಕಾ ಎಂದು ನನಗೆ ಅಳು ಬಂತು. ಕೆರೆಯ ಕಡೆಗೆ ಹೋಗಿ ಅತ್ತೆ. ಅವಳ ಆ ಮಗ ಈಗ ಕತಾರಿನಲ್ಲಿ ಡ್ರೈವರ್ ಅಂತೆ. ಎರಡು ವರ್ಷದಿಂದ ಬಂದಿಲ್ಲ.

ನಿದ್ದೆಗೆ ಹೆದರುತ್ತಿದ್ದ ಒಬ್ಬ ಮೇಡಂ ಮಾತ್ರ ಅವಳಿಗೆ ನೆನಪಿದ್ದಾಳೆ. ಯಾವ ಮನೆ, ಯಾವ ದೇಶ, ಗೊತ್ತಿಲ್ಲ. ದಿನವೂ ಪಾದ ಜೋಡಿಸಿ ಪಕ್ಕದಲ್ಲಿ ಕೂರುತ್ತಿದ್ದೆ ಎಂದಳು. ಅದು ನಮ್ಮ ಅಮ್ಮ ಎಂದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅಷ್ಟಂತೂ ಸುಳ್ಳಲ್ಲ ಅಕ್ಕ.

ಅಮ್ಮನಿಗೆ ಇದೇನೂ ಹೇಳಬೇಡ. ಕೊನೆಯ ಎರಡು ಮಾತು ಮಾತ್ರ ಕೇಳಿಸು. ಹೋದ ಪತ್ರದಲ್ಲಿ ನೀನು ಅಮ್ಮನ ಬಗ್ಗೆ ಏನೂ ಬರೆದಿಲ್ಲ. ಪಾದ ಜೋಡಿಸಿದೆಯಾ? ನಿದ್ದೆ ಬಂತಾ? ಅದೊಂದು ತಿಳಿದರೆ ಸೈಕಲ್ ವಾಪಸು ಕೊಟ್ಟು ನಾನು ಹೊರಡುತ್ತೇನೆ.

ವಿಶಾಲ


ವಾದಿ ಕಬೀರ್
2 ಮಾರ್ಚ್

ವಿಶಾಲ,

ಕುಳಿತು ಓದು. ಗುಡಿಯ ಹತ್ತಿರ ಇದ್ದರೆ ಅಲ್ಲೇ ಎಲ್ಲಾದರೂ ನೆರಳಿನಲ್ಲಿ ಕೂತುಕೋ.

ಅಮ್ಮ ಹೋದಳು. ಫೆಬ್ರವರಿ ಹನ್ನೊಂದು, ಮಂಗಳವಾರ ಮಧ್ಯಾಹ್ನ. ಖುಷಿಯನ್ನು ಶಾಲೆಯಿಂದ ಕರೆತಂದು ಬಾಗಿಲು ತೆಗೆದಾಗ ನಿದ್ದೆ ಮಾಡುತ್ತಿದ್ದಾಳೆ ಎಂದೇ ಅಂದುಕೊಂಡೆ. ಅಂತೂ ಮಲಗಿದಳಲ್ಲ ಎಂದು ಸದ್ದಾಗದಂತೆ ಚಪ್ಪಲಿ ಬಿಟ್ಟೆ, ಗಂಜಿ ಬಿಸಿ ಮಾಡಿದೆ. ಎಬ್ಬಿಸಲು ಮುಟ್ಟಿದಾಗ ತಿಳಿಯಿತು. ಬಲಮಗ್ಗುಲಿಗೆ ತಿರುಗಿದ್ದಳು. ಅಂಗೈ ಕೆನ್ನೆಯ ಕೆಳಗೆ ಇತ್ತು. ಮೇಲಿನ ಕಾಲಿನ ಸಾಕ್ಸ್ ಅರ್ಧ ಜಾರಿತ್ತು, ಆ ಪಾದ ಸ್ವಲ್ಪ ಹಿಂದೆ ಸರಿದಿತ್ತು. ಸಾಕ್ಸ್ ಸರಿ ಮಾಡಲು ಹೋದದ್ದರಿಂದ ಅದು ನನಗೆ ನೆನಪಿದೆ. ಆಗ ಅದರ ಅರ್ಥ ನನಗೆ ಗೊತ್ತಿರಲಿಲ್ಲ. ನೀನು ಬರೆದ ಮೇಲೆ ಗೊತ್ತಾಯಿತು.

ನೀನು ಹಣತೆ ಹಚ್ಚಿದ ಹುಣ್ಣಿಮೆಯ ದಿನ ಎಡ್ವರ್ಡ್ ಅಂಕಲ್ ಕಾಗದಪತ್ರ ಹಿಡಿದು ಪೊಲೀಸು, ಎಂಬೆಸಿ ಎಂದು ಓಡಾಡುತ್ತಿದ್ದರು. ಮರುದಿನ ಬಾಡಿ ಕೊಟ್ಟರು. ಬೆಂಕಿ ಕೊಟ್ಟವರು ಅಕ್ಷಿತ್. ಅದು ನಿನ್ನ ಕೈಯಿಂದ ಆಗಬೇಕಿತ್ತು. ಬಯ್ಯುವುದಿದ್ದರೆ ನನ್ನನ್ನು ಬಯ್ಯಿ, ಅವರನ್ನಲ್ಲ. ವಿಸಿಟ್ ವೀಸಾ ಮಾಡಿಸಿ ಕರೆಸೋಣ ಎಂದು ಅವರು ಎರಡು ಸಲ ಹೇಳಿದರು, ನಾನೇ ಬೇಡವೆಂದೆ.

ಯಾಕೆ ಎಂದು ನೀನು ಕೇಳುತ್ತೀ. ಮನೆಯಲ್ಲಿ ಎಲ್ಲ ಮುಗಿದಿತ್ತು. ಬೆಡ್‌ಶೀಟು ಒಗೆದು ಮಡಚಿದ್ದೆ, ಮಾತ್ರೆ ಎಸೆದಿದ್ದೆ. ನಿನಗೆ ಮಾತ್ರ ಅಮ್ಮ ಇದ್ದಳು. ಅಮ್ಮನಿಗೆಂದು ಬಿಸಿಲಿನಲ್ಲಿ ಸೈಕಲ್ ತುಳಿಯುವವನು ಒಬ್ಬನಿದ್ದ. ನಾನು ಒಂದು ಸಾಲು ಬರೆದರೆ ಅದೂ ನಿಲ್ಲುತ್ತಿತ್ತು. ನನ್ನಿಂದ ಬರೆಯಲಾಗಲಿಲ್ಲ. ಅದು ನಿನಗೆ ಮಾಡಿದ ಅನ್ಯಾಯ ಎಂದು ಗೊತ್ತಿದ್ದೂ ಬರೆಯಲಿಲ್ಲ.

ಬೂದಿ ಇಟ್ಟಿದ್ದೇನೆ. ರಂಜಾನ್ ರಜೆಗೆ ನಾವು ಮೂವರೂ ಮಂಗಳೂರಿಗೆ ಬರುತ್ತೇವೆ, ಸಮುದ್ರಕ್ಕೆ ನೀನೇ ಬಿಡು.

ಸೋಮಕ್ಕನ ಮೇಲೆ ನನಗೆ ಬೇಜಾರಿಲ್ಲ. ಅಮ್ಮ ನನ್ನನ್ನು ಕೊನೆಯವರೆಗೂ ಸಿಸ್ಟರ್ ಎಂದಳು, ಮರೆತುಹೋಗುವುದರ ಮೇಲೆ ಸಿಟ್ಟು ಮಾಡಿ ಮಾಡಿ ನನಗೆ ಸಾಕಾಗಿದೆ. ಹೊರಡುವ ಮೊದಲು ಇನ್ನೊಮ್ಮೆ ಅವಳಲ್ಲಿಗೆ ಹೋಗು. ಆ ಮೇಡಂ ನಮ್ಮ ಅಮ್ಮ, ಹೆಸರು ಅಪ್ಪಿ ಎಂದು ಹೇಳು. ಮತ್ತೆ ಮರೆತರೂ ಪರವಾಗಿಲ್ಲ.

ಪಾದ ಜೋಡಿಸಿದೆಯಾ ಎಂದು ಕೇಳಿದ್ದೀ. ಇವತ್ತು ಒಲೆಯ ಮುಂದೆ ನಿಂತು ಇದನ್ನೇ ಯೋಚಿಸುತ್ತಿದ್ದೆ. ಆ ದಿನ ಬಾಡಿಯನ್ನು ಮನೆಯ ಹಾಲ್‌ನಲ್ಲಿ ಸ್ವಲ್ಪ ಹೊತ್ತು ಇಡಲು ಬಿಟ್ಟರು. ನಮ್ಮವರಲ್ಲಿ ಹಿರಿಯರೊಬ್ಬರು ಬಂದು ಮುಂದೆ ನಿಂತು ಎಲ್ಲ ಮಾಡಿಸಿದರು. ತುಳಸಿ ನೀರು ಬಿಡಿಸಿದರು, ಹಣೆಗೆ ಗಂಧ ಹಚ್ಚಿಸಿದರು. ಆಮೇಲೆ, ನಮ್ಮಲ್ಲಿ ಸತ್ತವರಿಗೆ ಮಾಡುತ್ತಾರಲ್ಲ, ಬಿಳಿ ದಾರ ತೆಗೆದು ಕಾಲಿನ ಹೆಬ್ಬೆರಳುಗಳನ್ನು ಕೂಡಿಸಿ ಕಟ್ಟಲು ಹೇಳಿದರು. ಮಗಳು ನೀನೇ ಕಟ್ಟು ಎಂದರು. ಮೊದಲ ಗಂಟು ಸಡಿಲವಾಯಿತು. ಒಂದು ಬೆರಳು ಹಿಂದೆ ಹೋಯಿತು. ಬಿಚ್ಚಿ, ಎರಡನ್ನೂ ಸಮ ಮಾಡಿ, ಬಿಗಿಯಾಗಿ ಕಟ್ಟಿದೆ.

ಜೋಡಿಸಿದೆ ವಿಶಾಲ. ಅಮ್ಮ ಮಲಗಿದಳು.

ಭವ್ಯ